ಕಾರ್ಖಾನೆ ನೀರಿಗೂ ಒಂದು ಮಿತಿ

ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಮೋರಿಗೆ ಹೋಗುತ್ತದೆ. ಪಟ್ಟಣದಲ್ಲಾದರೆ ಅದು ನೆಲದ ಕೆಳಗಿನ ಕೊಳವೆಗೆ ಸೇರುತ್ತದೆ. ಇದಕ್ಕೆ ಒಳಚರಂಡಿ ಎಂದು ಹೆಸರು. ಅದು ಕಣ್ಣಿಗೆ ಕಾಣೋದಿಲ್ಲ. ಅದಕ್ಕೇ ಅದರ ಯೋಚನೆ ನಮಗೆ ಬರೋದಿಲ್ಲ.

ಕಾರ್ಖಾನೆಗಳೂ ಇದೇ ಒಳಚರಂಡಿಗೆ ನೀರು ಬಿಡುತ್ತವೆ. ಬಿಡಬಹುದೇ? ಬಿಡಬಹುದು. ಆದರೆ ಮನಸ್ಸಿಗೆ ಬಂದ ಹಾಗೆ ಅಲ್ಲ.

ಬೆಂಗಳೂರಿನ ಪೀಣ್ಯದ ಹೆಸರು ಕೇಳಿರುತ್ತೀರಿ. ಅಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಕೆಲವು ಕಾರ್ಖಾನೆಗಳಲ್ಲಿ ಕಬ್ಬಿಣದ ಸಾಮಾನಿಗೆ ಹೊಳಪು ಕೊಡುತ್ತಾರೆ. ನಲ್ಲಿ, ಸೈಕಲ್ ಹ್ಯಾಂಡಲ್ ಪಳಪಳ ಹೊಳೆಯುತ್ತವಲ್ಲ, ಅದು ಕ್ರೋಮಿಯಂ, ನಿಕ್ಕಲ್ ಎಂಬ ಲೋಹಗಳ ಲೇಪ. ಲೇಪ ಹಾಕಿದ ಮೇಲೆ ಸಾಮಾನನ್ನು ನೀರಲ್ಲಿ ಅದ್ದಿ ತೊಳೆಯುತ್ತಾರೆ. ಆ ನೀರಿಗೆ ಲೋಹ ಸೇರುತ್ತದೆ. ಕ್ರೋಮಿಯಂ ಹೆಚ್ಚಾಗಿದ್ದರೆ ನೀರು ಹಳದಿ, ನಿಕ್ಕಲ್ ಹೆಚ್ಚಾಗಿದ್ದರೆ ಹಸಿರು.

ಈ ನೀರು ಮನೆಯ ಕೊಳಚೆಯಂತಲ್ಲ. ಹೇಗೆ ಅಂತೀರಾ?

ಒಳಚರಂಡಿಯ ಕೊನೆಯಲ್ಲಿ ನೀರು ಶುದ್ಧ ಮಾಡುವ ಘಟಕ ಇರುತ್ತದೆ. ಅಲ್ಲಿ ದೊಡ್ಡ ದೊಡ್ಡ ಯಂತ್ರಗಳಿವೆ, ನಿಜ. ಆದರೆ ಮುಖ್ಯ ಕೆಲಸ ಮಾಡೋದು ಕಣ್ಣಿಗೆ ಕಾಣದ ಜೀವಾಣುಗಳು. ದೋಸೆ ಹಿಟ್ಟು ರಾತ್ರಿ ಕಳೆಯೋದರಲ್ಲಿ ಹುಳಿ ಬರುತ್ತದೆ. ಅದೂ ಜೀವಾಣುಗಳ ಕೆಲಸವೇ. ಘಟಕದ ಜೀವಾಣುಗಳು ಅನ್ನದ ಗಂಜಿ, ಮಲ, ಮೂತ್ರ ಎಲ್ಲವನ್ನೂ ತಿಂದು ಕರಗಿಸುತ್ತವೆ. ಕ್ರೋಮಿಯಂ, ನಿಕ್ಕಲ್ ತಿನ್ನಲು ಅವಕ್ಕೆ ಆಗೋದಿಲ್ಲ. ಲೋಹ ಹೆಚ್ಚಾದರೆ ಅವೇ ಸಾಯುತ್ತವೆ. ಆಗ ಮನೆಗಳ ಕೊಳಚೆಯೂ ಶುದ್ಧವಾಗದೆ ಮುಂದೆ ಹೋಗುತ್ತದೆ. ಲೋಹ ಸ್ವಲ್ಪ ನೀರಲ್ಲಿ ಹೋಗುತ್ತದೆ, ಸ್ವಲ್ಪ ಕೆಸರಲ್ಲಿ ಕೂರುತ್ತದೆ. ಆ ಕೆಸರನ್ನು ಗೊಬ್ಬರ ಎಂದು ಹೊಲಕ್ಕೆ ಹಾಕಿದರೆ ಹೊಲಕ್ಕೂ ಬಂತು.

ಆದ್ದರಿಂದ ಲೋಹವನ್ನು ತೆಗೆಯಬೇಕಾದ್ದು ಕಾರ್ಖಾನೆಯ ಒಳಗೇ. ನೀರಿಗೆ ಔಷಧಿ ಹಾಕಿ, ಸುಣ್ಣ ಹಾಕಿದರೆ ಲೋಹ ತಳಕ್ಕೆ ಕೂರುತ್ತದೆ. ತಿಳಿನೀರು ಮಾತ್ರ ಹೊರಗೆ ಬಿಡಬೇಕು. ಇದಕ್ಕೆ ದುಡ್ಡು ಖರ್ಚು. ಅದನ್ನು ಉಳಿಸಲು ಕೆಲವರು ರಾತ್ರಿ ಹೊತ್ತು ಹಾಗೇ ಬಿಟ್ಟುಬಿಡುತ್ತಾರೆ.

ಎಷ್ಟು ಬಿಡಬಹುದು ಎಂದು 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೇಳಿದೆ. ಒಳಚರಂಡಿಗೆ ಬಿಡುವ ನೀರಲ್ಲಿ ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು. ನಿಕ್ಕಲ್ 3, ಸೀಸ 1, ಎಣ್ಣೆ ಜಿಡ್ಡು 20 ಮಿಲಿಗ್ರಾಂ. ಮಿಲಿಗ್ರಾಂ ಅಂದರೆ ಒಂದು ಗ್ರಾಮಿನ ಸಾವಿರದ ಒಂದು ಪಾಲು. 15 ಲೀಟರಿನ ಬಿಂದಿಗೆ ಲೆಕ್ಕ ಹಾಕಿ. 33 ಬಿಂದಿಗೆ ನೀರಿಗೆ ಒಂದು ಗ್ರಾಂ ಕ್ರೋಮಿಯಂ, ಅಷ್ಟೇ. ಕುಡಿಯುವ ನೀರಿಗಾದರೆ ಮಿತಿ ಇನ್ನೂ 40 ಪಾಲು ಕಡಿಮೆ.

ಹುಳಿಗೂ ಮಿತಿ ಇದೆ. ಆಸಿಡ್ ನೀರು ಸಿಮೆಂಟ್ ಕೊಳವೆಯನ್ನೇ ತಿನ್ನುತ್ತದೆ. ಲೇಪದ ಕೆಲಸಕ್ಕೆ ಸಯನೈಡ್ ಎಂಬ ವಿಷವನ್ನೂ ಬಳಸುವುದುಂಟು. ಅದಕ್ಕೆ ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದು ಎಂದು 2013ರಲ್ಲಿ ಕಾಯ್ದೆ ಬಂತು. ಆಮೇಲೂ ಇಳಿಸಿದ್ದಾರೆ, ಸತ್ತಿದ್ದಾರೆ.

ಇಡೀ ದೇಶಕ್ಕೆ ಹಾಕಿದ ಮಿತಿ ಇದು. ಒಂದು ಊರಿಗೆ ಇದು ಸಾಲದು ಅನ್ನಿಸಿದರೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಇನ್ನೂ ಬಿಗಿ ಮಾಡಬಹುದು. ಸಡಿಲ ಮಾಡುವಂತಿಲ್ಲ. ಇಂಥ ನೀರು ಬಿಡುವ ಕಾರ್ಖಾನೆಗೆ ಮಂಡಳಿಯ ಒಪ್ಪಿಗೆ ಪತ್ರ ಬೇಕು. ದಿನಕ್ಕೆ ಎಷ್ಟು ನೀರು, ಎಂಥ ನೀರು, ಎಲ್ಲಿಗೆ ಬಿಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. 'ದಿನಕ್ಕೆ ಎಷ್ಟು' ಅನ್ನೋದು ಯಾಕೆ ಗೊತ್ತಾ? ಒಂದು ಬಿಂದಿಗೆ ಹಳದಿ ನೀರಿಗೆ ಹತ್ತು ಬಿಂದಿಗೆ ಒಳ್ಳೆ ನೀರು ಬೆರೆಸಿದರೆ ಲೆಕ್ಕಕ್ಕೆ ಮಿತಿಯೊಳಗೆ ಬಂದುಬಿಡಬಹುದು. ವಿಷವೇನೂ ಕಡಿಮೆ ಆಗಿಲ್ಲ! ಹಾಲಿಗೆ ನೀರು ಬೆರೆಸೋರ ಕೈಚಳಕವೇ ಇದು.

ಪೀಣ್ಯದ ಕಡೆಯ ನೀರು ವೃಷಭಾವತಿ ನದಿಗೆ ಹರಿಯುತ್ತದೆ. ಈ ನದಿ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತದೆ. ಆಮೇಲೆ ಅರ್ಕಾವತಿ, ಆಮೇಲೆ ಕಾವೇರಿ. ನದಿಯಲ್ಲಿ ಹೆಚ್ಚಿನ ಪಾಲು ಮನೆಗಳ ಕೊಳಚೆಯೇ. ಅದರ ಜೊತೆ ಕಾರ್ಖಾನೆ ನೀರು. ಬೈರಮಂಗಲದ ಸುತ್ತ ಇದೇ ನೀರಲ್ಲಿ ಬೆಳೆ ತೆಗೆಯುತ್ತಾರೆ. ಹೆಂಗಸರು ಇದೇ ನೀರಲ್ಲಿ ನಿಂತು ಹುಲ್ಲು ಕೊಯ್ಯುತ್ತಾರೆ. ಹಸು ಅದನ್ನು ತಿನ್ನುತ್ತದೆ, ಹಾಲು ನಗರಕ್ಕೆ ಬರುತ್ತದೆ. ಪೀಣ್ಯದ ಕೊಳವೆ ಬಾವಿಗಳ ನೀರಲ್ಲೂ ಕ್ರೋಮಿಯಂ ಸಿಕ್ಕಿದೆ. ಇನ್ನೊಂದು ಮಾತು. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಲೋಹ ಹೋಗೋದಿಲ್ಲ. ಹಳದಿ ಬಣ್ಣದ ನೀರನ್ನು ಕಾಯಿಸಿಯೂ ಕುಡಿಯಬೇಡಿ.

ನಿಮ್ಮ ಬೀದಿಯಲ್ಲಿ ಬಣ್ಣದ ನೀರು ಉಕ್ಕಿದರೆ ಏನು ಮಾಡಬೇಕು? ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಡಿ. ದಿನ, ಹೊತ್ತು, ನೀರಿನ ಬಣ್ಣ, ವಾಸನೆ, ಯಾವ ಜಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮತ್ತೆ ಉಕ್ಕಿದರೆ ಮತ್ತೆ ಬರೆಯಿರಿ. ನಾಲ್ಕು ದಿನದ ಚೀಟಿ ಕೂಡಿಸಿದರೆ ಅರ್ಜಿ ಆಯಿತು. ಬೀದಿಯ ಹತ್ತು ಜನ ಸಹಿ ಹಾಕಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಒಂದು ಪ್ರತಿಯ ಮೇಲೆ ಮೊಹರು ಹಾಕಿಸಿ ನೀವು ಇಟ್ಟುಕೊಳ್ಳಿ.

ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರೆ ಅವರಿಗೆ ತೋರಿಸಲು ಆದೀತು, ಕೋರ್ಟಿಗೆ ಅದು ಸಾಲದು. ಮಂಡಳಿಯವರೇ ಬಂದು, ಕಾರ್ಖಾನೆಯವರ ಎದುರಿಗೆ ನೀರು ಹಿಡಿದು, ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಿ ಪರೀಕ್ಷೆಗೆ ಕಳಿಸಬೇಕು. ಯಾವ ಕಾರ್ಖಾನೆಗೆ ಏನು ಷರತ್ತು ಹಾಕಿದ್ದಾರೆ ಎಂಬ ಪುಸ್ತಕ ಮಂಡಳಿಯಲ್ಲಿ ಇರಬೇಕು. ಸಂಬಂಧಪಟ್ಟವರು ಕೇಳಿದರೆ ತೋರಿಸಬೇಕು. ಇದು 1974ರ ಜಲ ಕಾಯ್ದೆಯಲ್ಲೇ ಇದೆ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇನ್ನೊಂದು ಅರ್ಜಿ ಹಾಕಬಹುದು. ಮಿತಿ ಮೀರಿದ ಕಾರ್ಖಾನೆಯ ಕರೆಂಟು, ನೀರು ಕಡಿಸುವ, ಬಾಗಿಲು ಮುಚ್ಚಿಸುವ ಅಧಿಕಾರ ಮಂಡಳಿಗೆ ಇದೆ.