ಕರುಳು ಆಡುವ ಮಾತು

ಬಂಟ್ವಾಳ ಸೀಮೆಯ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ಪತಿಯನ್ನು ಕಳೆದುಕೊಂಡ ಓರ್ವ ತಾಯಿ ಭಾನುವಾರದ ಪೂಜೆಯ ಬಳಿಕ ಬಂದು, “ಪದ್ರಾಬಾ, ಎದೆಯ ಮೇಲೆ ಅರೆಯುವ ಕಲ್ಲು ಇಟ್ಟಂತಾಗುತ್ತದೆ” ಎನ್ನುತ್ತಿದ್ದರು. ಹೃದಯದ ಪರೀಕ್ಷೆಗಳೆಲ್ಲ ಆಗಿದ್ದವು; ದೋಷವೇನೂ ಕಂಡಿರಲಿಲ್ಲ. (ಎದೆನೋವನ್ನು ಮೊದಲು ತೋರಿಸಬೇಕಾದುದು ವೈದ್ಯರಿಗೆ, ಗುರುಗಳಿಗಲ್ಲ.) ಮನೆಯವರು ಅದನ್ನು ಭ್ರಮೆಯೆಂದರು. ನಾನೂ ಅದನ್ನೇ ಭಕ್ತಿಯ ಮಾತಿನಲ್ಲಿ ಸುತ್ತಿ ಹೇಳಿದೆ: ದೇಹದ ಕಡೆ ಗಮನ ಕೊಡಬೇಡಿ, ಜಪಸರ ಹೇಳಿ, ಆತ್ಮವನ್ನು ದೇವರಲ್ಲಿಡಿ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನು ಆಡಬಾರದ ಮಾತು ಅದು.

ಮನುಷ್ಯನೆಂದರೆ ದೇಹವೆಂಬ ಮನೆಯಲ್ಲಿ ಬಾಡಿಗೆಗಿರುವ ಆತ್ಮವಲ್ಲ, ದೇಹಾತ್ಮಗಳು ಕೂಡಿದ ಒಂದೇ ಜೀವಿ ಎಂದು 13ನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದರು. 1641ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ಮನಸ್ಸನ್ನೂ ದೇಹವನ್ನೂ ಎರಡು ಬೇರೆ ವಸ್ತುಗಳನ್ನಾಗಿ ವಿಂಗಡಿಸಿದ. ಆದರೆ ನಾವಿಕನು ಹಡಗಿನಲ್ಲಿರುವಂತೆ ನಾನು ದೇಹದಲ್ಲಿಲ್ಲ, ಹಸಿವು ನೋವುಗಳೇ ಅದನ್ನು ನನಗೆ ತಿಳಿಸುತ್ತವೆ ಎಂದು ಅದೇ ಗ್ರಂಥದಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಅವನನ್ನು ದೂರುವವರು ಆ ಪುಟವನ್ನು ಓದುವುದಿಲ್ಲ.

ಪೋರ್ಚುಗಲ್ ಮೂಲದ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರಲ್ಲಿ ‘ದೆಕಾರ್ತನ ಪ್ರಮಾದ’ ಎಂಬರ್ಥದ ಹೆಸರಿನ ಪುಸ್ತಕವನ್ನೇ ಪ್ರಕಟಿಸಿದರು. ಮಿದುಳಿನ ಮುಂಭಾಗಕ್ಕೆ ಹಾನಿಯಾದ ಅವರ ರೋಗಿಯೊಬ್ಬನು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ತೇರ್ಗಡೆಯಾಗುತ್ತಿದ್ದ. ಆದರೆ ಅವನಲ್ಲಿ ಭಾವನೆಗಳು ಬತ್ತಿದ್ದವು. ಬದುಕಿನ ಸರಳ ತೀರ್ಮಾನಗಳೂ ಅವನಿಂದ ಸಾಧ್ಯವಾಗುತ್ತಿರಲಿಲ್ಲ. ದೇಹದ ಒಳಗಿನ ಸ್ಥಿತಿಗತಿಗಳ ಅನುಭವವೇ ‘ನಾನು’ ಎಂಬ ಪ್ರಜ್ಞೆಗೆ ತಳಹದಿಯೆಂಬುದು ಡಮಾಸಿಯೊ ಅವರ ಮುಂದಿನ ಗ್ರಂಥಗಳ ವಾದ. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲವಾದರೂ, ಹೃದಯ, ಶ್ವಾಸಕೋಶ, ಕರುಳುಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ವಿಷಯ ಗಮನಾರ್ಹ: ಅದರ ತಂತುಗಳಲ್ಲಿ ಸುಮಾರು ಶೇಕಡ 80ರಷ್ಟು ದೇಹದ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಮಿದುಳು ಆಜ್ಞಾಪಿಸುವುದಕ್ಕಿಂತ ಆಲಿಸುವುದೇ ಹೆಚ್ಚು.

ಇದನ್ನು ನಮ್ಮ ನುಡಿ ಎಂದೋ ಅರಿತಿದೆ. ಅಸೂಯೆಗೆ ಹೊಟ್ಟೆಕಿಚ್ಚು ಎನ್ನುತ್ತೇವೆ. ಭಯಕ್ಕೆ ಎದೆ ಝಲ್ಲೆನ್ನುತ್ತದೆ, ಪರರ ಸಂಕಟ ಕಂಡರೆ ಕರುಳು ಚುರುಕ್ಕೆನ್ನುತ್ತದೆ. ನಾಯಿನ್ ಊರಿನ ವಿಧವೆಯ ಮಗನ ಶವಯಾತ್ರೆಯನ್ನು ಕಂಡ ಯೇಸುಸ್ವಾಮಿಯವರು ಕನಿಕರಗೊಂಡರೆಂದು ನಾವು ಓದುವಲ್ಲಿ ಸಂತ ಲೂಕರು ಬಳಸಿದ ಗ್ರೀಕ್ ಕ್ರಿಯಾಪದವು ಹುಟ್ಟಿದ್ದು ‘ಒಡಲಿನ ಒಳಾಂಗಗಳು’ ಎಂಬರ್ಥದ ಶಬ್ದದಿಂದ. ದಯಾಳು ಸಮಾರಿಯದವನಿಗೂ ದುಂದುಗಾರ ಮಗನ ತಂದೆಗೂ ಅದೇ ಕ್ರಿಯಾಪದ. ‘ಕರುಳು ಮಿಡಿಯಿತು’ ಎಂದರೆ ಮೂಲಕ್ಕೆ ಹೆಚ್ಚು ಹತ್ತಿರವಾದೀತು.

ದೇಹಭಾವವನ್ನು ದಾಟುವ ಹಾದಿಯೂ ನಮ್ಮ ನೆರೆಯಲ್ಲಿದೆ. ಮೂಡಬಿದಿರೆಯಿಂದ ಬೆಳ್ತಂಗಡಿಗೆ ಹೋಗುವಾಗ ವೇಣೂರಿನಲ್ಲಿ, ಅಜಿಲ ಅರಸರು 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿಯ ಗೊಮ್ಮಟನು ಮೈಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತಿದ್ದಾನೆ. ಆ ನಿಲುವಿಗೆ ಜೈನರು ಕಾಯೋತ್ಸರ್ಗ, ಎಂದರೆ ಕಾಯದ ಮಮತೆಯನ್ನು ಬಿಡುವುದು, ಎನ್ನುತ್ತಾರೆ. ಗೌರವದಿಂದಲೇ ಅದನ್ನು ನೋಡಿದ್ದೇನೆ. ಆದರೆ ಅದು ಸ್ವಂತ ಇಚ್ಛೆಯಿಂದ ಕೈಗೊಂಡ ದೀರ್ಘ ಸಾಧನೆ. ಶೋಕದಲ್ಲಿರುವವರಿಗೆ ಇನ್ನೊಬ್ಬರು ಬರೆದುಕೊಡುವ ಔಷಧಿಯಲ್ಲ.

ಕೆಲವು ತಿಂಗಳ ಬಳಿಕ ನಾನೇ ಆ ತಾಯಿಯ ಮನೆಗೆ ಹೋದೆ. “ಭಾರ ಎಲ್ಲಿ ಬಾಯಿ, ಯಾವ ಹೊತ್ತಿಗೆ?” ಎಂದು ಕೇಳಿದೆ. ಅವರು ಎದೆಯ ನಡುವೆ ಅಂಗೈಯಿಟ್ಟರು. ಸಂಜೆ ಏಳರ ಸುಮಾರಿಗೆ, ಗಂಡ ಅಂಗಡಿ ಮುಚ್ಚಿ ಬರುತ್ತಿದ್ದ ಹೊತ್ತಿಗೆ ಎಂದರು. ಹಾಗೆ ಹೇಳುತ್ತಿದ್ದಂತೆ, ಶವಸಂಸ್ಕಾರದ ದಿನವೂ ಅಳದಿದ್ದ ಅವರು ಅಳತೊಡಗಿದರು. ನಾನು ಜಪಸರವನ್ನು ಜೇಬಿನಲ್ಲೇ ಇರಿಸಿಕೊಂಡು ಕುಳಿತೆ.