'ಸೂಲಗಿತ್ತಿ'ಯಿಂದ 'ಬ್ರದರ್'ವರೆಗೆ: ಶುಶ್ರೂಷಾ ಶಿಕ್ಷಣದಲ್ಲಿ ಪುರುಷ ವಿದ್ಯಾರ್ಥಿ

ಕನ್ನಡದಲ್ಲಿ ಆರೈಕೆಯ ವೃತ್ತಿಯನ್ನು ಸೂಚಿಸುವ ಪದಗಳು ಬಹುಮಟ್ಟಿಗೆ ಸ್ತ್ರೀವಾಚಕಗಳು. ದಾದಿ, ಸೂಲಗಿತ್ತಿ ಎಂಬಿವಕ್ಕೆ ಬಳಕೆಯಲ್ಲಿ ಪುಲ್ಲಿಂಗ ರೂಪವಿಲ್ಲ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ನರಸಮ್ಮನವರ ಹೆಸರಿನ ಹಿಂದೆ 'ಸೂಲಗಿತ್ತಿ' ಎಂಬುದು ಬಿರುದಾಗಿಯೇ ನಿಂತಿತು. ಶುಶ್ರೂಷಾ ಶಿಕ್ಷಣಕ್ಕೆ ಸೇರುವ ಹುಡುಗನಿಗೆ ಅಂತಹ ಪದವಿಲ್ಲ. 'ಶುಶ್ರೂಷಕ' ಎಂಬುದು ಗ್ರಂಥಸ್ಥವಾದುದೇ ಹೊರತು ಆಡುಮಾತಿಗೆ ಇಳಿದುದಲ್ಲ.

ಹಾಗೆಂದು ಪುರುಷನ ಆರೈಕೆ ನಮ್ಮ ಪರಂಪರೆಗೆ ಹೊರತಾದುದೆಂದು ಭಾವಿಸಲಾಗದು. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನೂ ಎಣಿಸಿದೆ. ಮುರಿದ ಮೂಳೆಗೆ ಕಟ್ಟು ಹಾಕುವ, ಉಳುಕು ತೆಗೆಯುವ ಗಂಡಸರು ಹಳ್ಳಿಗಳಲ್ಲಿ ಗೌರವದಿಂದಲೇ ಬಾಳಿದ್ದಾರೆ. ಶುಶ್ರೂಷೆಯು ಸ್ತ್ರೀಯರದೇ ವೃತ್ತಿಯೆಂಬ ಗ್ರಹಿಕೆ ಬಲಗೊಂಡುದು, 1860ರಲ್ಲಿ ಲಂಡನ್ನಿನಲ್ಲಿ ಆರಂಭವಾದ ನೈಟಿಂಗೇಲ್ ತರಬೇತಿ ಶಾಲೆಯ ಮಾದರಿ ಹರಡಿದ ತರುವಾಯ. ಇಂಗ್ಲೆಂಡಿನ 1919ರ ನೋಂದಣಿ ಕಾಯ್ದೆಯೂ ಪುರುಷರಿಗೆ ಪ್ರತ್ಯೇಕ ಪಟ್ಟಿಯನ್ನೇ ಇರಿಸಿತ್ತು.

ಪ್ರವೇಶದ ಹೊತ್ತಿನಲ್ಲಿ ಪ್ರೇರಣೆ ಹೆಚ್ಚಾಗಿ ಜೀವನೋಪಾಯದ್ದು: ವೈದ್ಯಕೀಯ ಸೀಟು ದೊರೆಯದಿರುವುದು, ಬೇಗನೆ ಸಿಗುವ ಸಂಬಳ, ವಿದೇಶದ ಆಸೆ. ಇದನ್ನು ಕೀಳಾಗಿ ಕಾಣಬೇಕಿಲ್ಲ. ಸೂಲಗಿತ್ತಿಗೂ ಅಕ್ಕಿ, ಎಲೆಅಡಿಕೆ, ರವಿಕೆ ಕಣ ಸಲ್ಲುತ್ತಿದ್ದವು.

'ನಮ್ಮವನು' ಎಂಬ ಭಾವ ಮೂಡುವುದು ತರಗತಿಯಲ್ಲಲ್ಲ, ವಾರ್ಡಿನಲ್ಲಿ. ಅದೂ ಸಂಬೋಧನೆಯ ಮೂಲಕ. 'ಸಿಸ್ಟರ್' ಇದ್ದೆಡೆ ರೋಗಿಗಳು 'ಬ್ರದರ್' ಎಂದು ಕರೆದು ಅವನಿಗೊಂದು ಬಂಧುಸ್ಥಾನ ಕಲ್ಪಿಸುತ್ತಾರೆ. ಅಜ್ಜಿಯರ ಬಾಯಲ್ಲಿ ಅದು 'ತಮ್ಮಾ' ಆಗುವುದೂ ಉಂಟು. ಆದರೆ ಬಿಳಿ ಕೋಟು ತೊಟ್ಟ ಗಂಡಸನ್ನು ಕಂಡೊಡನೆ 'ಡಾಕ್ಟ್ರೇ' ಎನ್ನುವವರೂ ಇದ್ದಾರೆ. ತಿದ್ದಿದರೆ ಮರ್ಯಾದೆ ಒಂದು ಮೆಟ್ಟಿಲು ಇಳಿಯುತ್ತದೆ. ಸುಮ್ಮನಿದ್ದರೆ ತನ್ನ ವೃತ್ತಿಯಿಂದ ತಾನೇ ದೂರವಾದಂತೆ. ಸಣ್ಣದೆಂದು ತೋರುವ ಈ ಇಕ್ಕಟ್ಟಿನಲ್ಲೇ ಅವನ ವೃತ್ತಿನಿಷ್ಠೆ ದಿನವೂ ಒರೆಗೆ ಹತ್ತುತ್ತದೆ.

ಹೆರಿಗೆ ಕೋಣೆಯ ಪ್ರಸಂಗ ಇನ್ನೂ ಜಟಿಲವಾದುದು. ಪ್ರಸೂತಿ ಶುಶ್ರೂಷೆ ಬಿ.ಎಸ್ಸಿ. ನರ್ಸಿಂಗ್ ಪಠ್ಯದ ಭಾಗ. ಆದರೂ ಬಾಣಂತಿಯ ಮನೆಯವರ ಸಂಕೋಚದಿಂದ ಅವನು ಬಾಗಿಲಾಚೆ ನಿಲ್ಲಬೇಕಾಗುವುದುಂಟು. ಪುರುಷರಿಗೆ ನಿಷಿದ್ಧವಾಗಿದ್ದ ಸೂತಿಕಾಗೃಹದ ನೆನಪು ಇದರ ಹಿಂದಿದೆ ಎನ್ನಬಹುದು. ಆದರೆ ಅದೇ ಕೋಣೆಗೆ ಪುರುಷ ವೈದ್ಯನನ್ನು ಒಪ್ಪಿ ಬಿಟ್ಟುಕೊಳ್ಳುವ ಸಮಾಜವಿದು. ಆದ್ದರಿಂದ ಇಲ್ಲಿ ತಡೆ ಲಿಂಗದ್ದಷ್ಟೇ ಅಲ್ಲ, ಅಂತಸ್ತಿನದೂ ಹೌದೆಂಬುದು ನನ್ನ ಗ್ರಹಿಕೆ. ಏಮ್ಸ್ ಸಂಸ್ಥೆಗಳ ಆಡಳಿತವು 2019ರಲ್ಲಿ ನೇಮಕಾತಿಯ ನೂರಕ್ಕೆ 80 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲು ತೀರ್ಮಾನಿಸಿದಾಗ ಈ ಪ್ರಶ್ನೆ ಕೋಣೆಯಿಂದ ಕಚೇರಿಗೂ ಬಂದಿತು.

ಈಚೆಗೆ ಕಡತಗಳಲ್ಲಿ ಬಳಕೆಗೆ ಬಂದಿರುವ 'ಶುಶ್ರೂಷಾಧಿಕಾರಿ' ಎಂಬ ಪದಕ್ಕೆ ಲಿಂಗಭೇದವಿಲ್ಲ. ಆದರೆ ನಡುರಾತ್ರಿ ನೀರು ಬೇಕಾದ ರೋಗಿ ಆ ಹೆಸರಿನಿಂದ ಯಾರನ್ನೂ ಕೂಗುವುದಿಲ್ಲ.