ಓದಲು ಬರುವ ಊರು

ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪದ ಆರು ಮಿನೋವನ್ ಅರಮನೆ ನೆಲೆಗಳನ್ನು ಯುನೆಸ್ಕೊ 2025ರ ಜುಲೈನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮಹಡಿ ಕಟ್ಟಡಗಳನ್ನೂ ಚರಂಡಿಗಳನ್ನೂ ಕಟ್ಟಿದ ಜನ ಅವರು. 1900ರಲ್ಲಿ ಕ್ನೋಸಸ್‌ನಲ್ಲಿ ಉತ್ಖನನ ಆರಂಭಿಸಿದ ಆರ್ಥರ್ ಇವಾನ್ಸ್, ಪುರಾಣದ ಮಿನೋಸ್ ರಾಜನ ಹೆಸರನ್ನೇ ಆ ನಾಗರಿಕತೆಗೆ ರೂಢಿಗೊಳಿಸಿದರು. ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ತಿಳಿಯದು; ಅವರ 'ಲೀನಿಯರ್ ಎ' ಲಿಪಿಯನ್ನು ಇಂದಿಗೂ ಓದಲಾಗಿಲ್ಲ. ಆದರೂ ಜಗತ್ತು ಆ ಮೂಕ ಅವಶೇಷಗಳೆದುರು ಕುತೂಹಲದಿಂದ ನಿಂತಿದೆ.

ಈ ಸುದ್ದಿಯನ್ನು ಓದಿದಾಗ ನನಗೆ ಖಾನಾಪುರ ತಾಲ್ಲೂಕಿನ ಹಲಸಿ ನೆನಪಾಯಿತು. ಪ್ರಾಚೀನತೆಯಲ್ಲಿ ಅದು ಕ್ರೀಟಿಗೆ ಸಾಟಿಯಲ್ಲ, ನಿಜ. ಆದರೆ ಕ್ರೀಟಿಗಿಲ್ಲದ ಭಾಗ್ಯವೊಂದು ಅದಕ್ಕಿದೆ: ಹಲಸಿ ತನ್ನ ಮಾತನ್ನು ಬರೆದಿಟ್ಟಿದೆ, ಆ ಬರಹ ನಮಗೆ ಅರ್ಥವಾಗುತ್ತದೆ.

ಬನವಾಸಿಯ ಕದಂಬರಿಗೆ ಇದು ಪಲಾಶಿಕಾ. ಇಲ್ಲಿ ದೊರೆತ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ಪ್ರಕಟಿಸಿದರು. 5ನೆಯ ಶತಮಾನದ ಮೃಗೇಶವರ್ಮ ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡಗಳಿಗೆ 33 ನಿವರ್ತನ ಭೂಮಿ ನೀಡಿದ. ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕೆಂದು ಅವನ ಮಗ ರವಿವರ್ಮ ವಿಧಿಸಿದ. ಪಶ್ಚಿಮಘಟ್ಟದ ಅಂಚಿನ ಆ ಮಳೆಯನ್ನು ಕಂಡವರಿಗೆ ಈ ಕಟ್ಟಳೆಯ ಅಂತಃಕರಣ ತಾನಾಗಿ ತಿಳಿಯುತ್ತದೆ. ಅದೇ ಊರಿನಲ್ಲಿ 12ನೆಯ ಶತಮಾನದ ಗೋವೆಯ ಕದಂಬರು ಭೂವರಾಹ ನರಸಿಂಹ ದೇಗುಲಕ್ಕೆ ದತ್ತಿ ಬಿಟ್ಟರು. ಎದುರುಬದುರಾದ ಎರಡು ಗರ್ಭಗುಡಿಗಳ ಆ ದೇಗುಲ ಇಂದಿಗೂ ನಿಂತಿದೆ. ಜಿನನಿಗೂ ವಿಷ್ಣುವಿಗೂ ಎಡೆಯಿತ್ತ ಊರು ಇದು.

ಬೆಳಗಾವಿ ನಗರದ ಕಥೆಯೂ ಬೇರೆಯಲ್ಲ. ವಡಗಾವಿ–ಮಾಧವಪುರದಲ್ಲಿ ಅ. ಸುಂದರ ಅವರು ನಡೆಸಿದ ಉತ್ಖನನ ಶಾತವಾಹನರ ಕಾಲದ ಪಟ್ಟಣವನ್ನು ಬೆಳಕಿಗೆ ತಂದಿತು. ಅಲ್ಲಿ ಈಗ ಮನೆಗಳು, ಮಗ್ಗಗಳು. ಬದುಕುವವರಿಗೆ ಸೂರು ಬೇಕು; ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಕಾಲಡಿಯ ಪಟ್ಟಣದ ಅರಿವೂ ಹೂತುಹೋಗಬೇಕಾಗಿಲ್ಲ.

ಪರಂಪರೆ ಉಳಿಯುವುದು ಕೇವಲ ಬೇಲಿ ಹಾಕುವುದರಿಂದಲ್ಲ. ಬೆಳಗಾವಿಯ ಪ್ರತಿಯೊಂದು ಶಾಲೆಯೂ ಮಕ್ಕಳನ್ನು ಒಮ್ಮೆ ಹಲಸಿಗೆ ಕರೆದೊಯ್ಯಲಿ. ರವಿವರ್ಮನ ಶಾಸನದ ಸಾರವನ್ನು ಅಲ್ಲಿಯೇ ಸರಳಗನ್ನಡದಲ್ಲಿ ಓದಿ ಹೇಳಲಿ. ಇದಕ್ಕೆ ಯುನೆಸ್ಕೊ ಮುದ್ರೆ ಬೇಕಿಲ್ಲ. ಒಂದು ಬಸ್ಸು, ಒಬ್ಬ ಶ್ರದ್ಧಾವಂತ ಶಿಕ್ಷಕ ಸಾಕು.